ಬಾಲ್ಯದ ವಿಡಿಯೋ ಗೇಮೂ ಕಾರ್ಟೂನ್ ಕೆಲಸವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮಕ್ಕಳಿಗೆ ಕಾರ್ಟೂನ್ ಬಿಡಿಸುವುದನ್ನು ಹೇಳಿಕೊಡುತ್ತೇನೆ. ಉಳಿದ ದಿನ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಅನಿಮೇಷನ್ ಕೆಲಸ. ಶಿಬಿರ ಬಿಟ್ಟ ಮೇಲೆ ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತ ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ. ನನ್ನ ಉತ್ತರ ಮಾತ್ರ ಪ್ರತಿಸಲ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟರಲ್ಲಿ ಬಸ್ಸು ಬಂದಿರುತ್ತದೆ. ಹಾಗಾಗಿ ಪೂರ್ತಿ ಇಲ್ಲಿ ಬರೆದಿಟ್ಟಿದ್ದೇನೆ.

ಕಾರ್ಟೂನ್ ಅಂದರೆ ಪೇಪರಿನಲ್ಲಿ ಬರುವುದೋ, ಟಿವಿಯಲ್ಲಿ ಓಡುವುದೋ?

ನಮ್ಮಲ್ಲಿ ಎರಡಕ್ಕೂ ಅದೇ ಹೆಸರು. ಪತ್ರಿಕೆಯ ವ್ಯಂಗ್ಯಚಿತ್ರವೂ ಕಾರ್ಟೂನೇ, ಚಿಂಟು ಟಿವಿಯಲ್ಲಿ ಬರುವುದೂ ಕಾರ್ಟೂನೇ. ಇಲ್ಲಿ ನಾನು ಹೇಳುತ್ತಿರುವುದು ಮುಖ್ಯವಾಗಿ ಎರಡನೆಯದು, ಅಂದರೆ ಚಲಿಸುವ ಚಿತ್ರ. ನಡುವೆ ಕಾಮಿಕ್ಸ್ ಕೂಡ ಬಂದುಹೋಗುತ್ತದೆ.

ಗೇಮ್ ಆಡಿ ಬೆಳೆದವರ ಕಾರ್ಟೂನಿನಲ್ಲಿ ಅದು ನಿಜಕ್ಕೂ ಕಾಣುತ್ತದಾ?

ಕಾಣುತ್ತದೆ, ಕೆಲವು ಕಡೆ ಬೋರ್ಡು ಹಾಕಿದ ಹಾಗೆ. 2010ರಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಶುರುವಾದ ಪೆಂಡಲ್ಟನ್ ವಾರ್ಡ್ ಅವರ 'ಅಡ್ವೆಂಚರ್ ಟೈಮ್'ನಲ್ಲಿ ಬೀಮೋ ಎಂಬ ಪಾತ್ರ ಉಂಟು. ಕೈಕಾಲು ಬಂದ ಗೇಮ್ ಯಂತ್ರವೇ ಅದು, ಹೊಟ್ಟೆಯ ಮೇಲೆ ಗುಂಡಿಗಳು. ಅದೇ ವರ್ಷ ಬಂದ ಜೆ. ಜಿ. ಕ್ವಿಂಟೆಲ್ ಅವರ 'ರೆಗ್ಯುಲರ್ ಶೋ'ದಲ್ಲಿ ಪಾರ್ಕಿನ ಕೆಲಸ ತಪ್ಪಿಸಿ ಸೋಫಾದಲ್ಲಿ ಗೇಮ್ ಆಡುವ ಇಬ್ಬರು ಸೋಮಾರಿಗಳೇ ಕಥಾನಾಯಕರು. ಇಯಾನ್ ಜೋನ್ಸ್-ಕ್ವಾರ್ಟಿ ಅವರ 'ಓಕೆ ಕೆ.ಓ.'ದಲ್ಲಿ (2017) ಪ್ರತಿಯೊಬ್ಬ ವೀರನಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಅವನು ಯಾವ ಲೆವೆಲ್ ಎಂಬ ಅಂಕೆ.

ಇವುಗಳಲ್ಲಿ ನನಗೆ ಇಷ್ಟವಾದದ್ದು 'ಗ್ರಾವಿಟಿ ಫಾಲ್ಸ್'ನ ಒಂದು ಕಂತು. ಅಲೆಕ್ಸ್ ಹಿರ್ಶ್ 2012ರಲ್ಲಿ ಶುರುಮಾಡಿದ ಸರಣಿ ಅದು. ಆ ಕಂತಿನಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಯಂತ್ರದೊಳಗಿನ ಜಗಳಗಂಟ ಹೊರಗೆ ಬಂದುಬಿಡುತ್ತಾನೆ. ಬಂದವನು ಉಳಿದ ಪಾತ್ರಗಳ ಹಾಗೆ ನುಣುಪಾಗಿ ಇಲ್ಲ. ಚುಕ್ಕಿ ಚುಕ್ಕಿಯಾಗಿಯೇ ಇದ್ದಾನೆ, ಗೇಮಿನಲ್ಲಿ ಅಲುಗಾಡುವ ಹಾಗೆಯೇ ಅಲುಗಾಡುತ್ತಾನೆ, ಸುಮ್ಮನೆ ನಿಂತಾಗಲೂ ಮೇಲೆ ಕೆಳಗೆ ತೂಗುತ್ತಾನೆ. ಮನೆಯೊಳಗೆ ಬಂದರೂ ಅವನಿಗೆ ಗೇಮಿನ ಕಟ್ಟಳೆಯೇ ಕಟ್ಟಳೆ. ನಗು ಹುಟ್ಟುವುದು ಅಲ್ಲಿಂದ.

ಕಾಮಿಕ್ಸಿನಲ್ಲಿ ಬ್ರಯಾನ್ ಲೀ ಓಮ್ಯಾಲಿ ಅವರ 'ಸ್ಕಾಟ್ ಪಿಲ್‌ಗ್ರಿಮ್' (2004ರಿಂದ 2010, ಆರು ಸಂಪುಟ) ಇದೇ ಜಾತಿ. ಸೋತ ಎದುರಾಳಿ ಚಿಲ್ಲರೆ ನಾಣ್ಯವಾಗಿ ಉದುರುತ್ತಾನೆ. ಆದರೆ ಇವೆಲ್ಲ ಮೇಲಿನ ಬಣ್ಣ. ಬಣ್ಣ ಯಾರು ಬೇಕಾದರೂ ಹಚ್ಚಬಹುದು. ಒಳಗೆ ಇಳಿದ ಪ್ರಭಾವ ಬೇರೆ, ಅದನ್ನು ಹೇಳಬೇಕಾದರೆ ನಮ್ಮ ಮನೆಯ ಟಿವಿಯಿಂದ ಶುರುಮಾಡಬೇಕು.

ನೀವು ಆಡಿದ್ದು ಯಾವ ಗೇಮು? ಆ ಕಾಲಕ್ಕೆ ಇಲ್ಲಿ ಅದೆಲ್ಲ ಇತ್ತಾ?

ಇತ್ತು. ಕಾಸರಗೋಡಿಗೆ ಬೆಂಗಳೂರಿಗಿಂತ ದುಬೈ ಹತ್ತಿರ ಅಂತ ತಮಾಷೆಗೆ ಹೇಳುವುದುಂಟಲ್ಲ, ನಮ್ಮ ಮನೆಗೆ ವಿಡಿಯೋ ಗೇಮ್ ಬಂದದ್ದೂ ಆ ದಾರಿಯಲ್ಲೇ. ಗಲ್ಫಿನಲ್ಲಿದ್ದ ಮಾವ ಒಂದು ರಜೆಗೆ ಬಂದಾಗ ಪೆಟ್ಟಿಗೆಯಲ್ಲಿ ಟ್ಯಾಂಗ್ ಪುಡಿ, ಸೆಂಟು, ಕೋಡಾಲಿ ತೈಲದ ನಡುವೆ ಬಿಳಿ-ಕೆಂಪು ಬಣ್ಣದ ಒಂದು ಯಂತ್ರ. ಅದು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಎಂದು ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು. ನಮಗೆ ಅದು ಬರೀ 'ಗೇಮ್'. ಅದಕ್ಕೆ ಸಿಕ್ಕಿಸುವುದು 'ಕ್ಯಾಸೆಟ್'. ಪ್ರಾಣಕ್ಕೆ 'ಚಾನ್ಸ್'.

ನಮ್ಮ ಟಿವಿ ಕಪ್ಪು ಬಿಳುಪಿನದ್ದು. ಹೀಗಾಗಿ ಗೇಮಿನ ನಾಯಕ ಮಾರಿಯೋನ ಟೊಪ್ಪಿ ಕೆಂಪು ಅಂತ ನನಗೆ ಗೊತ್ತಿರಲಿಲ್ಲ, ಎಷ್ಟೋ ವರ್ಷ ಹಸಿರು ಬಣ್ಣ ಹಾಕಿ ಬಿಡಿಸುತ್ತಿದ್ದೆ. ಆದರೆ ಬಣ್ಣ ಇಲ್ಲದ್ದರಿಂದ ಒಂದು ಲಾಭವಾಯಿತು. ಎರಡನೆಯದೋ ಮೂರನೆಯದೋ ದಿನ ತಂಗಿ ಪರದೆಗೆ ಬೆರಳಿಟ್ಟು ಹೇಳಿದಳು: "ಅಣ್ಣಾ, ಇಲ್ಲಿ ನೋಡು, ಮೋಡ ಕೆಳಗೆ ಬಿದ್ದಿದೆ." ನೋಡಿದರೆ ಹೌದು. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕಾರ, ಒಂದು ಗೆರೆಯೂ ವ್ಯತ್ಯಾಸ ಇಲ್ಲ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸಿರು ಕೊಟ್ಟಿದ್ದಾರೆ ಅಷ್ಟೇ. ಬಣ್ಣದ ಟಿವಿ ಇದ್ದವರಿಗೆ ಇದು ಕಾಣಲೇ ಇಲ್ಲ.

ಮಳೆಗಾಲದಲ್ಲಿ ಗುಡುಗು ಶುರುವಾದರೆ ಮೊದಲು ಆಂಟೆನಾ ವಯರು ಕಳಚುವುದು, ಆಮೇಲೆ ಕರೆಂಟು ತಾನೇ ಹೋಗುತ್ತಿತ್ತು, ಹೋದರೆ ಎರಡು ದಿನ. ಆಗ ಗಣಿತದ ಚೌಕುಳಿ ಪುಸ್ತಕ ತೆಗೆದು ಒಂದೊಂದು ಚೌಕವನ್ನು ಪೆನ್ಸಿಲಿನಿಂದ ತುಂಬುತ್ತ ಮುಂದಿನ ಸ್ಟೇಜು ಹೇಗಿರಬಹುದೆಂದು ಬಿಡಿಸುತ್ತಿದ್ದೆವು. ತಂಗಿ ಎರಡು ಬೆರಳನ್ನು ಪುಟದ ಮೇಲೆ ನಡೆಸಿ ಆಡುತ್ತಿದ್ದಳು. ಹೊಂಡ ದೊಡ್ಡದಾದರೆ "ಇದು ಹಾರ್ಲಿಕ್ಕೆ ಆಗುದಿಲ್ಲ, ಉಜ್ಜು" ಅನ್ನುತ್ತಿದ್ದಳು. ನನ್ನ ಮೊದಲ ಸಂಪಾದಕಿ ಅವಳೇ.

ಗೇಮಿನಿಂದ ನನಗೆ ಏನಾದರೂ ಬಂದಿದ್ದರೆ ಬಂದದ್ದು ಆ ಕರೆಂಟಿಲ್ಲದ ಎರಡು ದಿನಗಳಲ್ಲಿ. ಯಂತ್ರ ಓಡುತ್ತಿದ್ದಾಗ ಬರೀ ಆಡಿದ್ದೆ.

ಒಳಗೆ ಇಳಿದ ಪ್ರಭಾವ ಅಂದಿರಲ್ಲ, ಎಂತದ್ದು ಅದು?

ಕೊರತೆಯಲ್ಲಿ ಕೆಲಸ ಮಾಡುವುದು. ಆ ಯಂತ್ರದ ಪರದೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಓಡಾಡುವ ಒಂದೊಂದು ತುಣುಕು ಚಿತ್ರಕ್ಕೂ ಮೂರೇ ಬಣ್ಣ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಗೇಮು 40 ಕಿಲೋಬೈಟಿನಲ್ಲಿ ಮುಗಿದಿದೆ. ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಮೋಡವೇ ಪೊದೆಯಾದದ್ದು ಜಾಗ ಸಾಲದ್ದಕ್ಕೆ.

ಮಾರಿಯೋನ ಮುಖವನ್ನೇ ನೋಡಿ. ಅವನನ್ನು 1981ರಲ್ಲಿ 'ಡಾಂಕಿ ಕಾಂಗ್'ಗಾಗಿ ರೂಪಿಸಿದ ಶಿಗೆರು ಮಿಯಾಮೊಟೊ ಅವರೇ ಹೇಳಿದ ಮಾತಿದು: ಅಷ್ಟು ಕಡಿಮೆ ಚುಕ್ಕಿಯಲ್ಲಿ ಬಾಯಿ ಕಾಣಿಸುವುದು ಕಷ್ಟ, ಆದ್ದರಿಂದ ಮೀಸೆ. ಕೂದಲು ಹಾರುವುದನ್ನು ತೋರಿಸುವುದು ಕಷ್ಟ, ಆದ್ದರಿಂದ ಟೊಪ್ಪಿ. ಓಡುವಾಗ ಕೈ ಬೀಸುವುದು ಮೈಯಿಂದ ಬೇರೆಯಾಗಿ ಕಾಣಬೇಕು, ಆದ್ದರಿಂದ ಮೇಲುಡುಪಿಗೆ ಒಂದು ಬಣ್ಣ, ತೋಳಿಗೆ ಇನ್ನೊಂದು. ಲೋಕಕ್ಕೆಲ್ಲ ಗುರುತಿರುವ ಆ ಆಸಾಮಿಯ ಒಂದೊಂದು ಲಕ್ಷಣವೂ ಒಂದೊಂದು ಕಷ್ಟಕ್ಕೆ ಹುಡುಕಿದ ಉಪಾಯ.

ಕಾರ್ಟೂನ್ ಮಾಡುವವರಿಗೆ ದಿನಾ ಬೇಕಾದ್ದು ಇದೇ. ಒಂದು ಪಾತ್ರವನ್ನು ಸಾವಿರ ಸಲ ಬಿಡಿಸಬೇಕು. ಅಂಗಿಗೆ ಹತ್ತು ಗುಂಡಿ ಇಟ್ಟರೆ ಹತ್ತು ಸಾವಿರ ಗುಂಡಿ ಬಿಡಿಸಿದ ಹಾಗೆ. ಶಿಬಿರದಲ್ಲಿ ನಾನು ಮೊದಲ ದಿನ ಕೊಡುವುದು 16 ಚೌಕ ಅಗಲ, 16 ಚೌಕ ಎತ್ತರದ ಜಾಗ. ಅಷ್ಟರಲ್ಲೇ ನಿಮ್ಮ ಅಜ್ಜನನ್ನು ಬಿಡಿಸಿ ಅನ್ನುತ್ತೇನೆ. ಮೊದಲು ಗೋಳಾಡುತ್ತಾರೆ. ಆಮೇಲೆ ಒಬ್ಬಳು ಬರೀ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಮತ್ತು ಬಾಗಿದ ಬೆನ್ನು ಬಿಡಿಸಿ ತಂದಳು, ಕಣ್ಣು ಮೂಗು ಏನೂ ಇಲ್ಲ. ಅಡಿಕೆ ತೋಟದಲ್ಲಿ ಕೆಲಸ ಮಾಡುವ ಅಜ್ಜ ಅಂತ ಯಾರಾದರೂ ಹೇಳಬಹುದಿತ್ತು.

ಕಾರ್ಟೂನಿನಿಂದ ಗೇಮ್ ಬಂತೋ, ಗೇಮಿನಿಂದ ಕಾರ್ಟೂನೋ?

ಇದನ್ನು ಕೇಳಿದ್ದು ಏಳನೇ ತರಗತಿಯ ಹುಡುಗ. ಉತ್ತರಕ್ಕೆ ಪಾಪಾಯ್‌ನಿಂದ ಶುರುಮಾಡಿದೆ, ಪಾಲಕ್ ತಿಂದು ತೋಳು ಉಬ್ಬಿಸುವ ನಾವಿಕನಿಂದ.

ಪತ್ರಿಕೆಯ ಕಾಮಿಕ್ಸಿನಲ್ಲಿ 1929ರಲ್ಲಿ ಹುಟ್ಟಿದ ಪಾಪಾಯ್‌ನನ್ನು 1933ರಲ್ಲಿ ಮ್ಯಾಕ್ಸ್ ಫ್ಲೈಶರ್ ಅವರ ಸ್ಟುಡಿಯೋ ತೆರೆಗೆ ತಂದಿತು. ಮಿಯಾಮೊಟೊ 1981ರಲ್ಲಿ ಮಾಡಹೊರಟದ್ದು ಪಾಪಾಯ್ ಗೇಮನ್ನೇ. ಆಗ ಹಕ್ಕು ಸಿಗಲಿಲ್ಲ. ಪಾಪಾಯ್ ಇದ್ದ ಜಾಗಕ್ಕೆ ಮಾರಿಯೋ ಬಂದ, ದಾಂಡಿಗ ಬ್ಲೂಟೋನ ಜಾಗಕ್ಕೆ ಗೊರಿಲ್ಲಾ ಬಂತು, ಆಲಿವ್‌ಳ ಜಾಗಕ್ಕೆ ಇನ್ನೊಬ್ಬ ಹುಡುಗಿ. ಅದಕ್ಕೂ ಒಂದು ವರ್ಷ ಮೊದಲು ಬಂದ 'ಪ್ಯಾಕ್-ಮ್ಯಾನ್'ನಲ್ಲಿ ದೊಡ್ಡ ಚುಕ್ಕಿ ತಿಂದ ಕೂಡಲೇ ಭೂತಗಳನ್ನೇ ಅಟ್ಟಿಸಿಕೊಂಡು ಹೋಗುವ ಶಕ್ತಿ ಬರುತ್ತದಲ್ಲ, ಅದಕ್ಕೂ ಪಾಪಾಯ್‌ನ ಪಾಲಕ್ ಸೊಪ್ಪೇ ಸ್ಫೂರ್ತಿ ಎಂದು ಅದನ್ನು ರೂಪಿಸಿದ ತೋರು ಇವಟಾನಿ ಹೇಳಿದ್ದಾರೆ.

ಅದೇ ಫ್ಲೈಶರ್ ಇನ್ನೊಂದು ಕೆಲಸ ಮಾಡಿದ್ದರು. ನಿಜವಾದ ಮನುಷ್ಯ ಕುಣಿಯುವುದನ್ನು ಫಿಲ್ಮಿನಲ್ಲಿ ಹಿಡಿದು ಒಂದೊಂದೇ ಫ್ರೇಮನ್ನು ಕಾಗದದ ಮೇಲೆ ತಿದ್ದುವ ಉಪಾಯ. ರೋಟೋಸ್ಕೋಪ್ ಅನ್ನುತ್ತಾರೆ, 1917ರಲ್ಲಿ ಪೇಟೆಂಟ್ ಸಿಕ್ಕಿತು. ಎಪ್ಪತ್ತು ವರ್ಷ ಕಳೆದು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಹುಡುಗ ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೋ ತೆಗೆದು, ಫ್ರೇಮ್ ಫ್ರೇಮ್ ತಿದ್ದಿ 1989ರಲ್ಲಿ ಮಾಡಿದ್ದು 'ಪ್ರಿನ್ಸ್ ಆಫ್ ಪರ್ಷಿಯಾ'. ತೊಂಬತ್ತರ ದಶಕದಲ್ಲಿ ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಡಾಸ್ ಕಲಿಯಲು ಹೋದವರಿಗೆ ಆ ಬಿಳಿ ಪೈಜಾಮದ ರಾಜಕುಮಾರ ನೆನಪಿರಬೇಕು. ಸರ್ ಆಚೆ ಹೋದರೆ ಈಚೆ ಅವನು ಓಡುತ್ತಿದ್ದ.

ನನಗೆ ಅನಿಮೇಷನ್ನಿನ ದೊಡ್ಡ ಪಾಠ ಆದದ್ದು ಮಾರಿಯೋ ಮತ್ತು ಆ ರಾಜಕುಮಾರನ ನಡುವೆ. ಮಾರಿಯೋ ಗುಂಡಿ ಒತ್ತಿದ ಕ್ಷಣವೇ ಮೇಲೆ ಇರುತ್ತಾನೆ. ರಾಜಕುಮಾರ ಹಾಗಲ್ಲ. ಮೊದಲು ಮೊಣಕಾಲು ಬಗ್ಗಿಸುತ್ತಾನೆ, ಕೈ ಹಿಂದೆ ಹೋಗುತ್ತದೆ, ಆಮೇಲೆ ಹಾರುತ್ತಾನೆ. ನೋಡಲು ಚಂದ, ಆಡಲು ಕಷ್ಟ. ನಾವು ಎಷ್ಟೋ ಸಲ ಹೊಂಡದ ಅಂಚಿನಲ್ಲಿ ಗುಂಡಿ ಒತ್ತಿ ಮುಳ್ಳಿನ ಮೇಲೆ ಬಿದ್ದದ್ದು ಆ ಸಣ್ಣ ತಡದಿಂದ. ಹಾರುವ ಮೊದಲಿನ ಆ ಬಗ್ಗುವಿಕೆಗೆ ನಮ್ಮ ಕೆಲಸದಲ್ಲಿ ಆಂಟಿಸಿಪೇಷನ್ ಅನ್ನುತ್ತೇವೆ. ಕಾರ್ಟೂನಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಪಾತ್ರಕ್ಕೆ ತೂಕವೇ ಇರುವುದಿಲ್ಲ. ಗೇಮಿನಲ್ಲಿ ಅದೇ ಅಡ್ಡಿ. ಎರಡನ್ನೂ ಬೆರಳಿನಲ್ಲಿ ಅನುಭವಿಸಿದವರಿಗೆ ಎಷ್ಟು ಫ್ರೇಮು ಬಗ್ಗಬೇಕು ಎಂಬುದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ.

ಇನ್ನು ಕೊನೆಯ ತಿರುವು. ಕೆನಡಾದ ಮೋಲ್ಡನ್‌ಹಾವರ್ ಸಹೋದರರು ಚಿಕ್ಕಂದಿನಲ್ಲಿ ಕಾಂಟ್ರಾದಂಥ ಓಡಿ ಗುಂಡು ಹೊಡೆಯುವ ಗೇಮುಗಳನ್ನು ಆಡಿದವರು, ಜೊತೆಗೆ 1930ರ ದಶಕದ ಹಳೆಯ ಕಾರ್ಟೂನುಗಳ ಕ್ಯಾಸೆಟ್ ನೋಡಿದವರು. ಎರಡನ್ನೂ ಸೇರಿಸಿ 2017ರಲ್ಲಿ 'ಕಪ್‌ಹೆಡ್' ಎಂಬ ಗೇಮು ಮಾಡಿದರು. ಫ್ಲೈಶರ್ ಕಾಲದ ಹಾಗೆ ಕಾಗದದ ಮೇಲೆ ಕೈಯಲ್ಲೇ ಬಿಡಿಸಿದ ಚಿತ್ರ, ಹಿನ್ನೆಲೆಗೆ ಜಲವರ್ಣ. 2022ರಲ್ಲಿ ನೆಟ್‌ಫ್ಲಿಕ್ಸ್ ಆ ಗೇಮಿನಿಂದ ಕಾರ್ಟೂನ್ ಸರಣಿ ತಂದಿತು. ಕಾರ್ಟೂನಿನಿಂದ ಗೇಮು, ಗೇಮಿನಿಂದ ಪುನಃ ಕಾರ್ಟೂನು. ಹುಡುಗನಿಗೆ ಇಷ್ಟು ಹೇಳುವಾಗ ಅವನ ಅಮ್ಮ ಎರಡು ಬಸ್ಸು ಬಿಟ್ಟಿದ್ದರು.

ಗೇಮ್ ಮಾಡಿದವರ ಬಾಲ್ಯದಲ್ಲಿ ಗೇಮೇ ಇರಲಿಲ್ಲವಲ್ಲ. ಅವರಿಗೆ ಎಲ್ಲಿಂದ ಬಂತು?

ಕಾಡಿನಿಂದ, ಗದ್ದೆಯಿಂದ. ಮಿಯಾಮೊಟೊ ಬೆಳೆದದ್ದು ಕ್ಯೋಟೋ ಹತ್ತಿರದ ಸೊನೊಬೆ ಎಂಬ ಊರಿನಲ್ಲಿ. ಚಿಕ್ಕವರಿದ್ದಾಗ ಒಂದು ಗುಹೆ ಕಂಡು, ಹೆದರಿ ವಾಪಸು ಬಂದು, ಆಮೇಲೆ ಲಾಟೀನು ಹಿಡಿದು ಒಳಗೆ ಹೋಗಿದ್ದರಂತೆ. ಅವರ 1986ರ ಗೇಮು 'ಜೆಲ್ಡಾ' ಶುರುವಾಗುವುದೇ ಗುಹೆಯ ಬಾಯಿಯ ಪಕ್ಕದಲ್ಲಿ. ಒಳಗೆ ಹೋದರೆ ಒಬ್ಬ ಮುದುಕ ಖಡ್ಗ ಕೊಡುತ್ತಾನೆ. ಪೋಕೆಮಾನ್ (1996) ಮಾಡಿದ ಸತೋಶಿ ತಾಜಿರಿ ಟೋಕಿಯೋ ಹತ್ತಿರದ ಮಾಚಿದಾದಲ್ಲಿ ಹುಳ ಹಿಡಿದು ಬೆಳೆದವರು. ಪೇಟೆ ಬೆಳೆದು ಹೊಂಡ ತೋಡು ಮುಚ್ಚಿಹೋದವು. ಹುಳ ಹಿಡಿಯುವ ಸುಖ ಈಗಿನ ಮಕ್ಕಳಿಗೂ ಸಿಗಲಿ ಅಂತ ಮಾಡಿದ ಗೇಮು ಮರುವರ್ಷವೇ ಟಿವಿ ಕಾರ್ಟೂನಾಯಿತು.

ಬಾಯಾರು, ಪಡ್ರೆ ಕಡೆಯ ಮಕ್ಕಳಿಗೆ ಈ ಗುಹೆಯ ಕಥೆ ಹೇಳಿದರೆ ಮುಖ ಅರಳುತ್ತದೆ. ಅವರ ಮನೆಯ ಹಿಂದೆಯೇ ಸುರಂಗ ಉಂಟಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗ. ಬಗ್ಗಿ ಹೋಗಬೇಕು, ಒಳಗೆ ಕತ್ತಲು, ಬಾವಲಿ, ಪಾದದ ಕೆಳಗೆ ತಣ್ಣನೆ ನೀರು. ಒಬ್ಬ ಹುಡುಗ ಸುರಂಗವನ್ನೇ ಸ್ಟೇಜು ಮಾಡಿ ಬಿಡಿಸಿದ. ಬಾಸ್ ಯಾರು, ಅಂದರೆ ಸ್ಟೇಜಿನ ಕೊನೆಗೆ ಎದುರಾಗುವ ದೊಡ್ಡ ಎದುರಾಳಿ ಯಾರು ಅಂದೆ. "ಬಾಸ್ ಇಲ್ಲ ಸರ್. ಕೊನೆಗೆ ನೀರಿನ ಒರತೆ ಸಿಕ್ಕಿದ್ರೆ ಗೆದ್ದ ಹಾಗೆ." ನನ್ನಿಂದ ಅಂಥದ್ದು ಹೊಳೆಯುತ್ತಿರಲಿಲ್ಲ. ಅವನ ಅಜ್ಜ ಸುರಂಗ ತೋಡಿದವರು.

ನಮ್ಮ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಕಾರ್ಟೂನ್ ಮಾಡಬೇಕು?

ಮೊದಲಿಗೆ ಯಾವುದರಲ್ಲೂ ಬೇಡ. ಮಾತಿಲ್ಲದೆ ಮಾಡಲಿ.

ಸಪ್ತಭಾಷೆಯ ಊರು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಶಿಬಿರದಲ್ಲಿ ಅದು ನಿಜವಾಗಿ ಎದುರು ಕೂತಿರುತ್ತದೆ: ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳ ಮಾತಾಡುವ ಮನೆಗಳಿಂದ ಬಂದ ಮಕ್ಕಳು. ಒಬ್ಬನ ತಮಾಷೆಗೆ ಇನ್ನೊಬ್ಬ ಅರ್ಧ ಕ್ಷಣ ತಡವಾಗಿ ನಗುತ್ತಾನೆ. ಗೇಮಿಗೆ ಈ ತೊಂದರೆ ಇರಲೇ ಇಲ್ಲ. ಸ್ಟಾರ್ಟ್, ಪಾಸ್, ಗೇಮ್ ಓವರ್, ಇಷ್ಟು ಇಂಗ್ಲಿಷು ಬಿಟ್ಟರೆ ನಮಗೆ ಏನೂ ಬರುತ್ತಿರಲಿಲ್ಲ, ಆದರೂ ಯಾರೂ ಹೇಳಿಕೊಡದೆ ಆಡಿದೆವು.

ಅದು ತಾನಾಗಿ ಆದದ್ದಲ್ಲ. ಮಾರಿಯೋನ ಮೊದಲ ಸ್ಟೇಜಿನ ಮೊದಲ ಹತ್ತು ಸೆಕೆಂಡು ನೆನಪು ಮಾಡಿಕೊಳ್ಳಿ. ಅವನು ಎಡಬದಿಯಲ್ಲಿ ನಿಂತಿದ್ದಾನೆ, ಬಲಗಡೆ ಖಾಲಿ. ಯಾವ ಕಡೆ ಹೋಗಬೇಕು ಅಂತ ಕೇಳಬೇಕಾಗಿಲ್ಲ. ಹೊಳೆಯುವ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆ ಕಾಣುತ್ತದೆ. ಸಿಟ್ಟಿನ ಮುಖದ ಒಂದು ಪ್ರಾಣಿ ಎದುರು ಬರುತ್ತದೆ. ತಾಗಿದರೆ ಸತ್ತಿರಿ, ಹಾರಿದರೆ ಬದುಕಿದಿರಿ. ಇಟ್ಟಿಗೆಯಿಂದ ಹೊರಬಂದ ಅಣಬೆ ಮುಂದೆ ಹೋಗಿ ಕೊಳವೆಗೆ ತಾಗಿ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಹೆದರಿ ಹಾರಿದರೂ ಮೇಲೆ ಇಟ್ಟಿಗೆ ತಲೆಗೆ ತಾಗುತ್ತದೆ, ಅಣಬೆ ಮೈಗೆ ತಾಗುತ್ತದೆ, ದೊಡ್ಡವರಾಗುತ್ತೀರಿ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಒಂದು ಅಕ್ಷರ ಓದದೆ ಗೊತ್ತಾಯಿತು. ವಸ್ತುಗಳನ್ನು ಎಲ್ಲಿ ಇಟ್ಟಿದ್ದಾರೆ ಎಂಬುದೇ ಅಲ್ಲಿ ಮಾತು.

ಎರಡು ನಿಮಿಷದ ಮಾತಿಲ್ಲದ ಕಾರ್ಟೂನು ಆ ಏಳು ಭಾಷೆಯ ಮಕ್ಕಳನ್ನೂ ಒಂದೇ ಕ್ಷಣಕ್ಕೆ ನಗಿಸಿದರೆ ಕೆಲಸ ಬಂತು ಅಂತ ಲೆಕ್ಕ. ಆಮೇಲೆ ಯಾವ ಭಾಷೆ ಬೇಕಾದರೂ ಸೇರಿಸಿ.

ಯಕ್ಷಗಾನ ನೋಡಿ ಬೆಳೆಯುವ ಮಕ್ಕಳಿಗೆ ಗೇಮ್ ಯಾಕೆ ಬೇಕು?

ಬೇಕೇ ಬೇಕು ಅಂತ ನಾನು ಹೇಳಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಕೂತು ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಆದರೆ ಎರಡನ್ನೂ ನೋಡಿದ ಮಗುವಿಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಬಣ್ಣದ ವೇಷ ಬರುವ ಹೊತ್ತನ್ನು ನೆನೆಯಿರಿ. ಚಂಡೆಯ ಪೆಟ್ಟು ಬದಲಾಗುತ್ತದೆ, ದೂರದ ಕತ್ತಲಲ್ಲಿ ಆರ್ಭಟ, ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ, ಜನರ ನಡುವಿನಿಂದಲೇ ರಕ್ಕಸ ಬರುತ್ತಾನೆ. ಕಾಂಟ್ರಾದಲ್ಲಿ ಸ್ಟೇಜಿನ ಕೊನೆಗೆ ಓಡುತ್ತಿದ್ದ ಪರದೆ ನಿಂತುಬಿಡುತ್ತದೆ, ಮುಂದೆ ದಾರಿ ಇಲ್ಲ, ಎದುರು ದೊಡ್ಡದೊಂದು ನಿಂತಿದೆ. ಪಾತ್ರ ಕಾಣುವ ಮೊದಲೇ ಹೆದರಿಕೆ ತಯಾರಾಗಬೇಕು. ಈ ಕಸುಬನ್ನು ಮೇಳದವರು ಗೇಮಿನವರಿಗಿಂತ ಎಷ್ಟೋ ಮೊದಲೇ ಅರೆದು ಕುಡಿದಿದ್ದಾರೆ. ಖಳನ ಪ್ರವೇಶ ಬಿಡಿಸುವಾಗ ನಾನು ಕೇಳುವುದು ಚಂಡೆಯ ರೆಕಾರ್ಡು.

ಹಾಗಾದರೆ ಗೇಮಿನ ಹಾಗೆಯೇ ಕಾರ್ಟೂನ್ ಮಾಡಿದರೆ ಆಯಿತಲ್ಲ?

ನಾನೂ ಹಾಗೇ ಅಂದುಕೊಂಡು ಕೆಟ್ಟೆ. ಮೊದಲ ಸ್ವಂತ ಕಾರ್ಟೂನು ಮೂರು ನಿಮಿಷದ್ದು, ಅಪ್ಪಟ ಗೇಮು. ನಾಯಕನಿಗೆ ಮೂರು ಚಾನ್ಸ್, ಮೇಲೆ ಅಂಕ ಏರುತ್ತದೆ, ಸ್ಟೇಜು ಬದಲಾಗುತ್ತದೆ. ನಾಲ್ಕು ತಿಂಗಳು ಬೆನ್ನು ಬಾಗಿಸಿ ಮಾಡಿದ್ದು. ಮಕ್ಕಳಿಗೆ ತೋರಿಸಿದೆ. ಒಂದು ನಿಮಿಷ ನೋಡಿದರು, ಆಮೇಲೆ ಕಿಟಕಿಯ ಹೊರಗೆ. ಮುಗಿದ ಮೇಲೆ ಒಬ್ಬ ಕೈ ಎತ್ತಿ, "ಇದನ್ನು ನಮಗೆ ಆಡ್ಲಿಕ್ಕೆ ಯಾವಾಗ ಕೊಡ್ತೀರಿ?"

ತಪ್ಪು ಅಲ್ಲೇ ಇತ್ತು. ಗೇಮಿನಲ್ಲಿ ಬಿದ್ದವನು ನಾನು, ಪುನಃ ಎದ್ದವನೂ ನಾನು. ಕಾರ್ಟೂನಿನಲ್ಲಿ ಬೀಳುವವನು ಬೇರೊಬ್ಬ. ಅವನು ಯಾಕೆ ಏಳಬೇಕು ಅಂತ ನೋಡುವವರಿಗೆ ಅನಿಸದಿದ್ದರೆ ಅದು ಪಕ್ಕದ ಮನೆಯವನು ಆಡುವುದನ್ನು ಇಣುಕಿ ನೋಡಿದ ಹಾಗೆ. ನಮ್ಮ ಅಜ್ಜಿಗೆ ಇದು ಆಗಲೇ ಗೊತ್ತಿತ್ತು. ಬಾಗಿಲಲ್ಲಿ ನಿಂತು ಕಾಂಟ್ರಾ ನೋಡಿ ಹೇಳಿದ್ದರು: "ಇವ ಎಷ್ಟು ಸರ್ತಿ ಸಾಯುವುದು ಮಾರಾಯ? ಬೊಜ್ಜ ಮಾಡ್ಲಿಕ್ಕೂ ಪುರುಸೊತ್ತಿಲ್ಲ." ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಮೂವತ್ತು ಚಾನ್ಸ್ ಸಿಗುವ ಗುಟ್ಟಿನ ಗುಂಡಿಗಳು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ನನಗೆ ಇವತ್ತಿಗೂ ಬಾಯಿಪಾಠ. ಅದನ್ನು ಅವರಿಗೆ ವಿವರಿಸಲು ಹೋಗಿ ಬೈಸಿಕೊಂಡೆ.

ಗೇಮಿನ ಕಟ್ಟಳೆ ತನ್ನಿ, ಅಂಕಪಟ್ಟಿ ತರಬೇಡಿ ಅಂತ ಈಗ ಮಕ್ಕಳಿಗೆ ಹೇಳುತ್ತೇನೆ. 'ಈ ಲೋಕದಲ್ಲಿ ಪಾತ್ರ ಒಮ್ಮೆ ಮಾತ್ರ ಹಾರಬಹುದು' ಎಂದು ನೀವು ಇಟ್ಟರೆ ಕೊನೆಯವರೆಗೂ ಅದನ್ನು ಮುರಿಯಬಾರದು. ಮುರಿದರೆ ಮಕ್ಕಳು ಕೂಡಲೇ "ಚೀಟಿಂಗ್" ಅನ್ನುತ್ತಾರೆ. ಗೇಮು ಆಡಿದ ಮಗು ಇದರಲ್ಲಿ ಬಹಳ ಖಡಕ್ಕು.

ಈಗಿನ ಮೊಬೈಲ್ ಗೇಮಿನಿಂದಲೂ ಅದೇ ಲಾಭವಾ?

ಎಲ್ಲದರಿಂದ ಇಲ್ಲ. 2011ರಲ್ಲಿ ಪೂರ್ಣವಾಗಿ ಬಂದ ಮೈನ್‌ಕ್ರಾಫ್ಟಿನಂಥದ್ದು ಆಡುವ ಮಗು ಚೌಕುಳಿ ಪುಸ್ತಕದಲ್ಲಿ ನಾನು ಮಾಡುತ್ತಿದ್ದದ್ದನ್ನೇ ಮಾಡುತ್ತಿದೆ, ಕಟ್ಟುತ್ತಿದೆ. ನಡುನಡುವೆ ಜಾಹೀರಾತು ತೋರಿಸಿ, ಪೆಟ್ಟಿಗೆ ತೆರೆಯಲು ದುಡ್ಡು ಕೇಳುವ ಗೇಮುಗಳು ಬೇರೆ ಜಾತಿ. ಅವುಗಳ ಜಾಣತನವೆಲ್ಲ ಮಗುವನ್ನು ಏಳದ ಹಾಗೆ ಕೂರಿಸುವುದರಲ್ಲಿ ಖರ್ಚಾಗಿದೆ. ಮುಗಿಯುವುದೇ ಇಲ್ಲ. ಕರೆಂಟು ಹೋದರೂ ನಿಲ್ಲುವುದಿಲ್ಲ, ನನ್ನ ದೊಡ್ಡ ತಕರಾರು ಅದೇ.

ದಿನಕ್ಕೆ ಎಷ್ಟು ಹೊತ್ತು ಆಡಬಹುದು?

ನಾನು ಡಾಕ್ಟರಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗೇಮಿನ ಚಟವನ್ನೂ ಅದು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಊಟ, ನಿದ್ರೆ, ಶಾಲೆ ತಪ್ಪುತ್ತಿದ್ದರೆ ನನ್ನ ಹತ್ತಿರ ಬೇಡ, ಡಾಕ್ಟರ ಹತ್ತಿರ ಹೋಗಿ.

ಮಾರಿಯೋ, ಪಿಕಾಚುವನ್ನೇ ನಮ್ಮ ಕಾರ್ಟೂನಿನಲ್ಲಿ ಹಾಕಬಹುದಾ?

ಕಲಿಯಲು ಮನೆಯಲ್ಲಿ ಎಷ್ಟು ಬೇಕಾದರೂ ಬಿಡಿಸಿ. ಅದನ್ನಿಟ್ಟು ದುಡ್ಡು ಮಾಡಲು ಹೊರಟರೆ ಹಕ್ಕುಳ್ಳವರು ಕ್ರಮ ಕೈಗೊಳ್ಳಬಹುದು. ನಮ್ಮ ದೇಶದಲ್ಲಿ ಚಿತ್ರದ ಹಕ್ಕು ಸಾಮಾನ್ಯವಾಗಿ ಕಲಾವಿದನ ಜೀವಿತಕಾಲ ಮತ್ತು ನಂತರದ 60 ವರ್ಷ. ಆದರೆ 'ಅಣಬೆ ತಿಂದರೆ ದೊಡ್ಡವನಾಗುತ್ತಾನೆ' ಎಂಬಂಥ ಬರೀ ಯೋಚನೆಗೆ ಹಕ್ಕುಸ್ವಾಮ್ಯ ಇಲ್ಲ. ನಿಮ್ಮ ಪಾತ್ರ ಹಲಸಿನ ಸೊಳೆ ತಿಂದು ದೊಡ್ಡವನಾಗಲಿ. ಅಂದಹಾಗೆ 1981ರಲ್ಲಿ ಮಿಯಾಮೊಟೊಗೆ ಸಿಗದ ಆ ಪಾಪಾಯ್ 2025ರ ಜನವರಿ 1ಕ್ಕೆ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದ, 1929ರ ಅವನ ಮೊದಲ ರೂಪ ಮಾತ್ರ. ಆಗಲೇ ಹಕ್ಕು ಸಿಕ್ಕಿದ್ದರೆ ಮಾರಿಯೋ ಹುಟ್ಟುತ್ತಲೇ ಇರಲಿಲ್ಲವೇನೋ.

ಕಾಸರಗೋಡಿನ ಕನ್ನಡ ಶಾಲೆಯ ಮಗು ಎಲ್ಲಿಂದ ಶುರುಮಾಡಬೇಕು?

ಹತ್ತು ರೂಪಾಯಿಯ ಚೌಕುಳಿ ಪುಸ್ತಕದಿಂದ. ಮೂಲೆಯಲ್ಲಿ ಪುಟಕ್ಕೊಂದರಂತೆ ಚಿತ್ರ ಬಿಡಿಸಿ ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಅದೇ ಅನಿಮೇಷನ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು; ಒಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಇಟ್ಟರೆ 12 ಚಿತ್ರ ಸಾಕು. ಪುಟ್ಟ ಮಾರಿಯೋ ನಡೆಯುವುದಂತೂ ಮೂರೇ ಚಿತ್ರದಲ್ಲಿ.

ಹೈಸ್ಕೂಲಿಗೆ ಬಂದ ಮೇಲೆ ಲಿಟಲ್ ಕೈಟ್ಸ್ ಉಂಟು. ಕೇರಳದ ಕೈಟ್ ಸಂಸ್ಥೆ 2018ರಿಂದ ನಡೆಸುತ್ತಿರುವ ಈ ಶಾಲಾ ಕ್ಲಬ್ಬಿನಲ್ಲಿ ಅನಿಮೇಷನ್ ಮತ್ತು ಸ್ಕ್ರ್ಯಾಚ್ (ಮಕ್ಕಳಿಗಾಗಿ ಇರುವ ಪ್ರೋಗ್ರಾಮಿಂಗ್) ಎರಡನ್ನೂ ಕಲಿಸುತ್ತಾರೆ. ಎಂಟನೇ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ಬರೆದು ಸೇರಬೇಕು. ದಿನಾಂಕ ಶಾಲೆಯಲ್ಲೇ ಕೇಳಿಕೊಳ್ಳಿ. ಮನೆಯಲ್ಲಿ ಕಂಪ್ಯೂಟರಿದ್ದರೆ ಟೂಪಿಟ್ಯೂಬ್, ಕ್ರೀಟಾ, ಓಪನ್‌ಟೂನ್ಜ್, ಬ್ಲೆಂಡರ್ ಎಲ್ಲ ಉಚಿತ. 'ಸಾಫ್ಟ್‌ವೇರ್ ಯಾವುದು ಒಳ್ಳೆಯದು' ಎಂದು ಆರು ತಿಂಗಳು ಕೇಳುತ್ತ ತಿರುಗುವವರನ್ನು ನೋಡಿದ್ದೇನೆ. ಅಷ್ಟರಲ್ಲಿ ಒಂದು ಪುಸ್ತಕ ತುಂಬಿಸಬಹುದು.

ಗೇಮನ್ನು ಬಳಸಿ ಒಂದು ಅಭ್ಯಾಸ ಮಾಡಿಸಿ. ಮಗು ಹದಿನೈದು ನಿಮಿಷ ಆಡಲಿ, ಆಮೇಲೆ ಬಂದ್ ಮಾಡಿ, ನೆನಪಿನಿಂದ ಒಂದು ಜಾಗ ಬಿಡಿಸಲಿ. ತಪ್ಪಾಗಿಯೇ ಬಿಡಿಸುತ್ತದೆ, ಗೇಮಿನಲ್ಲಿ ಇಲ್ಲದ್ದನ್ನು ಸೇರಿಸುತ್ತದೆ. ತಿದ್ದಬೇಡಿ. ಸೇರಿಸಿದ್ದೇ ಮಗುವಿನದ್ದು.

ಕ್ಯಾಸೆಟ್ಟಿಗೆ ಊದಿದರೆ ಸರಿಯಾಗುತ್ತಿತ್ತಲ್ಲ, ಅದು ಯಾಕೆ?

ಇದನ್ನು ಅಪ್ಪಂದಿರು ಮಾತ್ರ ಕೇಳುತ್ತಾರೆ, ಅದೂ ಸ್ವಲ್ಪ ಬಗ್ಗಿ, ಹೆಂಡತಿಗೆ ಕೇಳದ ಹಾಗೆ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ. ಊದಲಿಕ್ಕೆ ಹೊರತೆಗೆದು ಪುನಃ ಸಿಕ್ಕಿಸುತ್ತಿದ್ದೆವಲ್ಲ, ಆಗ ಒಳಗಿನ ಲೋಹದ ಪಟ್ಟಿಗಳು ಸರಿಯಾಗಿ ತಾಗುತ್ತಿದ್ದವು. ಬಾಯಿಯ ತೇವದಿಂದ ತುಕ್ಕು ಬೇಗ ಹಿಡಿಯುತ್ತಿತ್ತು ಅಷ್ಟೇ.

ನಮ್ಮದೂ ಹಾಗೇ ಹೋಯಿತು. ಅದಕ್ಕೆ ಮೊದಲು ಪೇಟೆಯ ಒಂದು ಅಂಗಡಿಯಿಂದ ತಂದ 52 ಗೇಮಿನ ಕ್ಯಾಸೆಟ್ಟಿನಲ್ಲಿ ಇದ್ದದ್ದು ನಾಲ್ಕೇ ಗೇಮು, ಅವೇ ಬೇರೆ ಬೇರೆ ಸ್ಟೇಜಿನಿಂದ ಬೇರೆ ಬೇರೆ ಹೆಸರಿನಲ್ಲಿ ಶುರುವಾಗುತ್ತಿದ್ದವು. ತಂಗಿ ಕೂತು ಪಟ್ಟಿ ಮಾಡಿ, ಯಾವುದು ಯಾವುದರ ನಕಲು ಅಂತ ಗೆರೆ ಎಳೆದು ಜೋಡಿಸಿದ್ದಳು. ಆ ಕಾಗದ ಈಗಲೂ ನನ್ನ ಮೇಜಿನ ಗಾಜಿನ ಕೆಳಗೆ ಉಂಟು. 37ನೆಯದರ ಎದುರು ಅವಳ ಅಕ್ಷರದಲ್ಲಿ ಬರೆದಿದೆ: 'ಇದು ನಿಜವಾಗ್ಲೂ ಬೇರೆ, ಪುನಃ ನೋಡಬೇಕು.' ನೋಡುವ ಮೊದಲೇ ಯಂತ್ರ ಹೋಯಿತು.